ನಕ್ಷತ್ರ, ವಜ್ರ, ಚುಕ್ಕಿ: ನಿಮ್ಮ ಚಿಲ್ಲರೆ ಎಲ್ಲಿ ಹುಟ್ಟಿದ್ದು?

ಸೊಪ್ಪಿನ ಗಾಡಿಗೂ ಕ್ಯೂಆರ್ ಕೋಡ್ ಬಂದ ಮೇಲೆ ನಾಣ್ಯಗಳಿಗೆ ಜೇಬಿನಲ್ಲಿ ಕೆಲಸ ಕಡಿಮೆಯಾಗಿದೆ. ಹಾಗಂತ ಅವು ಮನೆ ಬಿಟ್ಟು ಹೋಗಿಲ್ಲ. ಟಿವಿ ಪಕ್ಕದ ಬಟ್ಟಲಲ್ಲಿ, ಕಾರಿನ ಗೇರ್ ಹತ್ತಿರದ ಗುಳಿಯಲ್ಲಿ, ದೇವರ ಮನೆಯ ಹುಂಡಿಯಲ್ಲಿ, ಹಳೇ ಬ್ಯಾಗಿನ ಜಿಪ್ಪಿನೊಳಗೆ ಸದ್ದಿಲ್ಲದೆ ಕೂತಿವೆ. ಇವತ್ತು ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿಯಿರಿ. ಫೋನಿನ ಕ್ಯಾಮೆರಾ ಜೂಮ್ ಮಾಡಿ, ಇಸವಿ ಬರೆದಿರುವ ಜಾಗವನ್ನು ಹತ್ತಿರದಿಂದ ನೋಡಿ.

ಇಸವಿಯ ಕೆಳಗೋ ಪಕ್ಕದಲ್ಲೋ ಒಂದು ಪುಟ್ಟ ಗುರುತು ಕಾಣುತ್ತೆ. ಒಂದರಲ್ಲಿ ನಕ್ಷತ್ರ, ಇನ್ನೊಂದರಲ್ಲಿ ವಜ್ರದಾಕಾರ, ಮತ್ತೊಂದರಲ್ಲಿ ಬರೀ ಚುಕ್ಕಿ. ಕೆಲವದರಲ್ಲಿ ಏನೂ ಇರಲ್ಲ. ಇದೇ ಆ ನಾಣ್ಯದ ಹುಟ್ಟೂರಿನ ವಿಳಾಸ.

ಈ ಗುರುತುಗಳ ಸುತ್ತ ಈಗ ಎರಡು ಬಗೆಯ ಮಾತು ಓಡಾಡುತ್ತಿದೆ. ಒಂದು, "ಈ ಗುರುತು ಇದ್ದರೆ ಲಕ್ಷ ರೂಪಾಯಿ" ಅನ್ನೋ ವಿಡಿಯೊಗಳು. ಇನ್ನೊಂದು, "ಇದು ಬೇರೆ ಥರ ಇದೆ, ನಡೆಯಲ್ಲ ಸಾರ್" ಅನ್ನೋ ಅಂಗಡಿ ಮಾತು. ಒಂದು ಆಸೆ ಹುಟ್ಟಿಸುತ್ತೆ, ಇನ್ನೊಂದು ಅನುಮಾನ. ಎರಡರ ಬೇರೂ ಒಂದೇ ಪ್ರಶ್ನೆಯಲ್ಲಿದೆ: ಒಂದು ಟಂಕಸಾಲೆಯ ನಾಣ್ಯಕ್ಕೂ ಇನ್ನೊಂದರ ನಾಣ್ಯಕ್ಕೂ ಗುಣಮಟ್ಟದಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯಾ?

ನಾಲ್ಕು ಊರು, ನಾಲ್ಕು ಗುರುತು

ಭಾರತದಲ್ಲಿ ಈಗ ನಾಣ್ಯ ಟಂಕಿಸುವುದು ನಾಲ್ಕು ಕಡೆ: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯ್ಡಾ. ನಾಲ್ಕೂ ಕೇಂದ್ರ ಸರ್ಕಾರದ ಭದ್ರತಾ ಮುದ್ರಣ ಮತ್ತು ಟಂಕಸಾಲೆ ನಿಗಮದ ಅಡಿಯಲ್ಲಿವೆ. ಈ ನಿಗಮ ಶುರುವಾದದ್ದು 2006ರಲ್ಲಿ. ನಮ್ಮ ಮೈಸೂರಿನಲ್ಲಿ ಇರುವುದು ನೋಟು ಮುದ್ರಣಾಲಯ. ನಾಣ್ಯದ ಟಂಕಸಾಲೆ ಈಗ ಕರ್ನಾಟಕದಲ್ಲಿ ಇಲ್ಲ.

ಮುಂಬೈ: ವಜ್ರದ ಗುರುತು. ಕೋಟೆ ಪ್ರದೇಶದಲ್ಲಿರುವ ಈ ಟಂಕಸಾಲೆ ಕಟ್ಟಿದ್ದು 1824ರಿಂದ 1830ರ ನಡುವೆ. ಅಂಗಡಿ ತಕ್ಕಡಿಯ ತೂಕ ಸರಿ ಇದೆಯಾ ಅಂತ ಪರೀಕ್ಷಿಸಲು ಇಲಾಖೆಗಳು ಬಳಸುವ ಮಾದರಿ ತೂಕದ ಬಟ್ಟುಗಳನ್ನೂ ಇಲ್ಲಿ ತಯಾರಿಸುತ್ತಾರೆ.

ಕೋಲ್ಕತ್ತ: ಗುರುತೇ ಇಲ್ಲ. ಇಸವಿಯ ಕೆಳಗೆ ಖಾಲಿ ಇದ್ದರೆ ಅದು ಕೋಲ್ಕತ್ತದ್ದು. ಬ್ರಿಟಿಷರ ಕಾಲದಿಂದ ಬಂದ ಸಂಪ್ರದಾಯ ಇದು. ಈಗಿನ ಅಲಿಪುರದ ಟಂಕಸಾಲೆ ಉದ್ಘಾಟನೆಯಾದದ್ದು 1952ರ ಮಾರ್ಚ್ 19ರಂದು. ಭಾರತ ರತ್ನ ಪದಕ ತಯಾರಾಗುವುದೂ ಇಲ್ಲೇ.

ಹೈದರಾಬಾದ್: ಐದು ಮೂಲೆಯ ನಕ್ಷತ್ರ. ನಿಜಾಮರ ಆಳ್ವಿಕೆಯಲ್ಲಿ 1903ರಲ್ಲಿ ಸೈಫಾಬಾದಿನಲ್ಲಿ ಯಂತ್ರಗಳ ಟಂಕಸಾಲೆ ಶುರುವಾಯಿತು. 1997ರಲ್ಲಿ ಅದು ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. 1960ರ ದಶಕದ ನಾಣ್ಯಗಳಲ್ಲಿ ಹೈದರಾಬಾದಿನ ಗುರುತು ಒಡೆದ ವಜ್ರ, ನಡುವೆ ಚುಕ್ಕಿ ಇರುವ ವಜ್ರದ ರೂಪದಲ್ಲೂ ಸಿಗುತ್ತೆ.

ನೊಯ್ಡಾ: ತುಂಬಿದ ಚುಕ್ಕಿ. ನಾಲ್ವರಲ್ಲಿ ಕಿರಿಯ. ಸ್ವಾತಂತ್ರ್ಯದ ನಂತರ ಹೊಸದಾಗಿ ಸ್ಥಾಪನೆಯಾದದ್ದು ಇದು. 1988ರಲ್ಲಿ ಉತ್ಪಾದನೆ ಆರಂಭಿಸಿತು. ದೇಶದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯಗಳ ಕಾಲ ಶುರುವಾದದ್ದೂ ಇದರ ಜೊತೆಗೇ.

ಇವಿಷ್ಟೇ ಅಲ್ಲ. ಚಿಲ್ಲರೆಗೆ ಬರ ಬಂದಾಗ ನಮ್ಮ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಮಾಡಿಸಿದೆ. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಇದೆ. ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. 1990ರ ದಶಕದ ಕೊನೆಯಲ್ಲಿ ದಕ್ಷಿಣ ಕೊರಿಯಾ, ಮೆಕ್ಸಿಕೊ, ಸ್ಲೊವಾಕಿಯಾ, ದಕ್ಷಿಣ ಆಫ್ರಿಕಾ, ರಷ್ಯಾಗಳಲ್ಲೂ ನಮ್ಮ ನಾಣ್ಯಗಳು ತಯಾರಾದವು. ಅಜ್ಜಿಯ ಕುಡಿಕೆಯಲ್ಲಿ ಹುಡುಕಿದರೆ ವಿದೇಶದಲ್ಲಿ ಹುಟ್ಟಿ ಬಂದ ನಮ್ಮದೇ ರೂಪಾಯಿ ಸಿಗಬಹುದು.

ವ್ಯತ್ಯಾಸ ಹುಟ್ಟುವುದು ಎಲ್ಲಿ?

ಪ್ರಶ್ನೆಗೆ ಉತ್ತರ ಬೇಕಾದರೆ ನಾಣ್ಯ ಆಗುವ ಬಗೆ ಸ್ವಲ್ಪ ಗೊತ್ತಿರಬೇಕು. ಚಪಾತಿ ಹಿಟ್ಟನ್ನು ಲಟ್ಟಿಸಿ, ಲೋಟ ಒತ್ತಿ ಪೂರಿ ಕತ್ತರಿಸುತ್ತೀವಲ್ಲ, ಶುರುವಾಗುವುದು ಹಾಗೇ. ಲೋಹದ ಹಾಳೆಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಸ್ವಲ್ಪ ಎತ್ತರ ಮಾಡುತ್ತಾರೆ. ಕುಲುಮೆಯಲ್ಲಿ ಕಾಯಿಸಿ ಲೋಹವನ್ನು ಮೆದು ಮಾಡಿ, ತೊಳೆದು ಹೊಳಪು ಕೊಡುತ್ತಾರೆ. ಆಮೇಲೆ ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಹತ್ತಾರು ಟನ್ ಒತ್ತಡದಲ್ಲಿ ಒಂದೇ ಏಟು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಮೌಲ್ಯ ಮೂಡಿರುತ್ತೆ. ಆಧುನಿಕ ಯಂತ್ರಗಳು ನಿಮಿಷಕ್ಕೆ ನೂರಾರು ನಾಣ್ಯ ಹೊರಹಾಕುತ್ತವೆ.

ಈ ಅಚ್ಚೇ ಇಲ್ಲಿ ಮುಖ್ಯ ಪಾತ್ರಧಾರಿ. ಹೊಸ ಅಚ್ಚಿನಿಂದ ಬಂದ ಮೊದಲ ನಾಣ್ಯಗಳಲ್ಲಿ ಸಿಂಹದ ಕೇಸರ ಎಳೆ ಎಳೆಯಾಗಿ ಕಾಣುತ್ತೆ, ಅಕ್ಷರದ ಅಂಚು ಚೂಪಾಗಿರುತ್ತೆ. ಅದೇ ಅಚ್ಚು ಲಕ್ಷಗಟ್ಟಲೆ ಏಟು ತಿಂದ ಮೇಲೆ ಸವೆಯುತ್ತೆ. ಕೇಸರ ಮಂಕಾಗುತ್ತೆ, ಅಕ್ಷರಗಳು ದಪ್ಪಗಾಗಿ ಅಂಚಿನ ಕಡೆ ಹರಡಿದಂತೆ ಕಾಣುತ್ತವೆ. ಕೆಲವೊಮ್ಮೆ ಅಚ್ಚಿನಲ್ಲೇ ಬಿರುಕು ಬಿಡುತ್ತೆ. ಯಂತ್ರದ ಎಣ್ಣೆ, ಲೋಹದ ಪುಡಿ ಅಚ್ಚಿನ ಗುಳಿಯಲ್ಲಿ ಸೇರಿಕೊಂಡರೆ ಒಂದು ಅಕ್ಷರವೇ ಮಾಯವಾಗಬಹುದು. ಟಂಕಸಾಲೆಯವರು ಅಚ್ಚನ್ನು ಯಾವಾಗ ಬದಲಿಸುತ್ತಾರೆ ಅನ್ನೋದರ ಮೇಲೆ ನಿಮ್ಮ ಕೈಗೆ ಬರುವ ನಾಣ್ಯದ ಚೆಲುವು ನಿಂತಿದೆ.

ಹಾಗಾಗಿ ನಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಒಂದೇ ಅಚ್ಚಿನ ಮೊದಲ ನಾಣ್ಯಕ್ಕೂ ಕೊನೆಯ ನಾಣ್ಯಕ್ಕೂ ಇರುವ ವ್ಯತ್ಯಾಸ, ಎರಡು ಟಂಕಸಾಲೆಗಳ ಒಳ್ಳೆಯ ನಾಣ್ಯಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿರಬಹುದು. ನಕ್ಷತ್ರದ ನಾಣ್ಯ ಮಂಕಾಗಿದೆ, ವಜ್ರದ್ದು ಚೂಪಾಗಿದೆ ಅಂತ ಎರಡೇ ನಾಣ್ಯ ನೋಡಿ "ಮುಂಬೈಯೇ ಬೆಸ್ಟ್" ಅಂದುಬಿಡುವುದು, ಒಂದು ದಿನದ ಸಾಂಬಾರ್ ತಿಂದು ಹೋಟೆಲಿಗೆ ಸ್ಟಾರ್ ಕೊಟ್ಟಂತೆ. ಗುರುತು ಹೇಳುವುದು ನಾಣ್ಯ ಎಲ್ಲಿ ಹುಟ್ಟಿತು ಅಂತ. ಎಷ್ಟು ಚೆನ್ನಾಗಿದೆ ಅಂತ ಅಲ್ಲ.

ಊರಿಗಿಂತ ಲೋಹ ದೊಡ್ಡದು

ಮನೆಯಲ್ಲಿ 1980ರ ದಶಕದ ದಪ್ಪ ಒಂದು ರೂಪಾಯಿ ಇದ್ದರೆ ಈಗಿನ ಒಂದು ರೂಪಾಯಿ ಪಕ್ಕ ಇಡಿ. "ಆಗಿನ ಕಾಲದ ಕೆಲಸವೇ ಬೇರೆ" ಅಂತ ಅಪ್ಪ ಹೇಳುವುದು ಸುಳ್ಳೇನಲ್ಲ. ಆದರೆ ಕಾರಣ ಕೆಲಸಗಾರರಲ್ಲ, ಲೋಹ. ಆಗಿನದು ತಾಮ್ರ ಮತ್ತು ನಿಕ್ಕಲ್ ಬೆರೆತ ಲೋಹ. 26 ಮಿಲಿಮೀಟರ್ ಅಗಲ, 6 ಗ್ರಾಂ ತೂಕ. ಮೆದುವಾದ ಆ ಲೋಹ ಅಚ್ಚಿನ ಸಣ್ಣ ಸಣ್ಣ ಗುಳಿಗೂ ಹರಿದು ತುಂಬಿಕೊಳ್ಳುತ್ತಿತ್ತು. ಚಿತ್ರ ಎತ್ತರವಾಗಿ ಮೂಡುತ್ತಿತ್ತು.

1988ರಿಂದ ಸಣ್ಣ ಪೈಸೆಗಳಿಗೆ, 1992ರಿಂದ ಒಂದು ರೂಪಾಯಿಗೆ ಸ್ಟೇನ್‌ಲೆಸ್ ಸ್ಟೀಲ್ ಬಂತು. 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಅಗ್ಗ, ತುಕ್ಕು ಹಿಡಿಯಲ್ಲ, ಬೇಗ ಸವೆಯಲ್ಲ. ಆದರೆ ಗಟ್ಟಿ. ಗಟ್ಟಿ ಲೋಹ ಅಚ್ಚಿನೊಳಗೆ ಸುಲಭವಾಗಿ ಹರಿಯಲ್ಲ, ಅಚ್ಚನ್ನೂ ಬೇಗ ತಿನ್ನುತ್ತೆ. ಅದಕ್ಕೇ ಸ್ಟೀಲ್ ನಾಣ್ಯಗಳ ಚಿತ್ರ ಚಪ್ಪಟೆ, ವಿನ್ಯಾಸ ಸರಳ. ಚೆಲುವು ಬಿಟ್ಟು ಬಾಳಿಕೆ ಆರಿಸಿಕೊಂಡ ಲೆಕ್ಕಾಚಾರ ಅದು.

ಚೆಲುವಾದ ನಾಣ್ಯಕ್ಕೆ ಇನ್ನೊಂದು ಅಪಾಯವೂ ಇತ್ತು. 9 ಗ್ರಾಂ ತೂಗುತ್ತಿದ್ದ ಹಳೇ ಐದು ರೂಪಾಯಿಯ ಲೋಹದ ಬೆಲೆ ಮುಖಬೆಲೆಯನ್ನು ದಾಟಿದಾಗ, ಅದನ್ನು ಕರಗಿಸುವ, ಗಡಿಯಾಚೆ ಸಾಗಿಸುವ ದಂಧೆಯೇ ಹುಟ್ಟಿಕೊಂಡಿತು. ಬಾಂಗ್ಲಾದೇಶದಲ್ಲಿ ಅವು ಶೇವಿಂಗ್ ಬ್ಲೇಡ್ ಆಗುತ್ತಿವೆ ಅಂತ ಪತ್ರಿಕೆಗಳಲ್ಲಿ ಸುದ್ದಿಯೂ ಬಂತು. ಆಮೇಲೆ ಐದು ರೂಪಾಯಿ ಮೊದಲು ಸ್ಟೀಲಿಗೆ, ನಂತರ ಹಳದಿ ಬಣ್ಣದ ನಿಕ್ಕಲ್ ಹಿತ್ತಾಳೆಗೆ ಬದಲಾಯಿತು. ಒಂದೇ ಮುಖಬೆಲೆ, ಮೂರು ಲೋಹ, ಮೂರು ಬಣ್ಣ. ಎಲ್ಲವೂ ಅಸಲಿ.

ಆನೆಗಳೇ ಸಾಕ್ಷಿ

ನಾಣ್ಯ ತಯಾರಿಸುವ ಜಾಗಕ್ಕೆ ಹಳಗನ್ನಡದಲ್ಲಿ ಕಮ್ಮಟ ಅನ್ನುತ್ತಿದ್ದರು. ಗದಗ ಜಿಲ್ಲೆಯ ಲಕ್ಕುಂಡಿಯ ಕಮ್ಮಟ ಎಷ್ಟು ಹೆಸರು ಮಾಡಿತ್ತೆಂದರೆ, ಅಲ್ಲಿನ ಚಿನ್ನದ ನಾಣ್ಯಕ್ಕೆ ಊರ ಹೆಸರೇ ಅಂಟಿಕೊಂಡು 'ಲೊಕ್ಕಿ ಗದ್ಯಾಣ' ಆಯಿತು. ಅಂದರೆ ನಾಣ್ಯದ ಹುಟ್ಟೂರು ಕೇಳಿ ವ್ಯವಹಾರ ಮಾಡುವ ರೂಢಿ ನಮ್ಮಲ್ಲಿ ಹೊಸದಲ್ಲ.

ಟಂಕಸಾಲೆಯಿಂದ ಟಂಕಸಾಲೆಗೆ ಕೆಲಸ ಹೇಗೆ ಬದಲಾಗುತ್ತಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಟಿಪ್ಪು ಸುಲ್ತಾನನ ಕಾಲದ ತಾಮ್ರದ ಪೈಸೆಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗ, ಧಾರವಾಡ ಹೀಗೆ ಹಲವು ಕಡೆ ಅವು ತಯಾರಾದವು. ಊರುಗಳಿಗೆ ಆತ ಕೊಟ್ಟ ಹೊಸ ಹೆಸರುಗಳೇ ನಾಣ್ಯದ ಮೇಲೂ ಬಂದವು. ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೊರತಂದ ಪುಸ್ತಕದಲ್ಲಿ ಇವುಗಳನ್ನು ಟಂಕಸಾಲೆವಾರು ವಿಂಗಡಿಸಿದ್ದಾರೆ.

ಆಗ ಪ್ರತಿ ಅಚ್ಚನ್ನೂ ಕೈಯಲ್ಲೇ ಕೆತ್ತಬೇಕಿತ್ತು, ಸುತ್ತಿಗೆಯಲ್ಲಿ ಹೊಡೆಯಬೇಕಿತ್ತು. ಹಾಗಾಗಿ ಒಂದು ಆನೆ ಸೊಂಡಿಲು ಎತ್ತಿದೆ, ಇನ್ನೊಂದು ಇಳಿಬಿಟ್ಟಿದೆ. ಒಂದು ಎಡಕ್ಕೆ ತಿರುಗಿದೆ, ಇನ್ನೊಂದು ಬಲಕ್ಕೆ. ಕೆಲವು ಗಾಂಭೀರ್ಯದಿಂದ ನಿಂತಿವೆ, ಕೆಲವು ಮಗು ಬರೆದ ಚಿತ್ರದ ಹಾಗಿವೆ. ಕೆಲವದರಲ್ಲಿ ಅರ್ಧ ಆನೆ ಬಿಲ್ಲೆಯಿಂದ ಆಚೆ ಹೋಗಿದೆ. ಆದರೂ ಆ ಎಲ್ಲ ಪೈಸೆಗಳೂ ಸಂತೆಯಲ್ಲಿ ನಡೆದವು.

ಯಂತ್ರ ಬಂದ ಮೇಲೆ ಈ ಅಂತರ ಕಿರಿದಾಯಿತು. ಕಲಬುರಗಿ, ಬೀದರ್, ರಾಯಚೂರು ಕಡೆ ನಿಜಾಮರ ಕಾಲದಲ್ಲಿ ಓಡಾಡಿದ ಹಾಲಿ ಸಿಕ್ಕಾ ನೋಡಿ. ಚಾರ್ಮಿನಾರ್ ಇರುವ ಆ ಬೆಳ್ಳಿ ರೂಪಾಯಿಗಳು ಅಚ್ಚುಕಟ್ಟಾಗಿ ಒಂದೇ ಥರ ಇವೆ. 1918ರಲ್ಲಂತೂ ಬ್ರಿಟನ್ನಿನ ಚಿನ್ನದ ಸಾವರಿನ್ ನಾಣ್ಯವನ್ನೇ ಮುಂಬೈಯಲ್ಲಿ ಟಂಕಿಸಿದರು. ಲಂಡನ್ನಿನ ಸಾವರಿನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಸವಿಯ ಮೇಲಿರುವ ಇಂಗ್ಲಿಷಿನ ಐ ಅಕ್ಷರ ಮಾತ್ರ. ಅದೇ ತೂಕ, ಅದೇ ಚಿನ್ನ. ಟಂಕಸಾಲೆಯ ಗುರುತು ಇರುವುದೇ ಇದಕ್ಕೆ. ತೂಕದಲ್ಲೋ ಲೋಹದಲ್ಲೋ ದೋಷ ಕಂಡರೆ ಯಾರನ್ನು ಕೇಳಬೇಕು ಅಂತ ಗೊತ್ತಾಗಲಿ ಅಂತ. ಅದು ಬಹುಮಾನದ ಪದಕ ಅಲ್ಲ, ಜವಾಬ್ದಾರಿಯ ಸಹಿ.

ಹಂದಿ ರೂಪಾಯಿಯಿಂದ ಹತ್ತು ರೂಪಾಯಿವರೆಗೆ

ನೋಟದ ಮೇಲೆ ನಾಣ್ಯವನ್ನು ಅನುಮಾನಿಸಿದರೆ ಏನಾಗುತ್ತೆ ಅನ್ನೋದಕ್ಕೆ ಹಳೆಯ ಕಥೆಯೊಂದಿದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ಹೊಸ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ. ಸೊಂಡಿಲು ಗಿಡ್ಡಗಾಗಿ, ಅದು ಹಂದಿಯಂತೆ ಕಾಣುತ್ತೆ ಅಂತ ಗುಲ್ಲೆದ್ದಿತು. ನಾಣ್ಯದ ಬೆಳ್ಳಿ ಸರಿಯಿತ್ತು, ತೂಕ ಸರಿಯಿತ್ತು. ಆದರೂ ಜನ ಬೇಡ ಅಂದರು. ಸರ್ಕಾರ ನಾಣ್ಯಗಳನ್ನು ಹಿಂದಕ್ಕೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿತು.

ನೂರು ವರ್ಷ ಕಳೆದ ಮೇಲೆ ಅದೇ ಕಥೆ ಹತ್ತು ರೂಪಾಯಿ ನಾಣ್ಯದ ಸರದಿಗೆ ಬಂತು. "ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ", "ರೂಪಾಯಿ ಚಿಹ್ನೆ ಇಲ್ಲದಿದ್ದರೆ ಡೂಪ್ಲಿಕೇಟ್" ಅಂತ ವಾಟ್ಸ್ಆ್ಯಪ್ ಸಂದೇಶಗಳು ಹರಿದಾಡಿದವು. ನಿಜ ಏನೆಂದರೆ, ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದೇ 2010ರಲ್ಲಿ. ಅದಕ್ಕೂ ಮೊದಲಿನ ನಾಣ್ಯದಲ್ಲಿ ಅದು ಇರೋಕೆ ಹೇಗೆ ಸಾಧ್ಯ? ವೈಷ್ಣೋದೇವಿ, ಕಾಯರ್ ಬೋರ್ಡ್, ಅಂಬೇಡ್ಕರ್ 125 ಹೀಗೆ ಬೇರೆ ಬೇರೆ ಸ್ಮರಣಾರ್ಥ ಚಿತ್ರಗಳೂ ಹತ್ತು ರೂಪಾಯಿಯ ಮೇಲೆ ಬಂದಿವೆ. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಅಲ್ಲಿಯವರೆಗೆ ಬಿಡುಗಡೆಯಾದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಗೆ ಯೋಗ್ಯ.

14 ವಿನ್ಯಾಸ, ನಾಲ್ಕು ಟಂಕಸಾಲೆ, ಜೊತೆಗೆ ಹೊಸ ಅಚ್ಚು, ಸವೆದ ಅಚ್ಚು. ಲೆಕ್ಕ ಹಾಕಿ, ಒಂದು ಹತ್ತು ರೂಪಾಯಿ ಎಷ್ಟು ಥರ ಕಾಣಬಹುದು ಅಂತ! ಅಷ್ಟು ಥರ ಕಂಡಿದ್ದೇ ನೆಪವಾಗಿ ಎಷ್ಟೋ ಕಡೆ ಅದು ನಡೆಯದ ನಾಣ್ಯವಾಯಿತು.

ಇದರ ಬಿಸಿ ನಮಗೆ ನಿಮಗೆ ತಟ್ಟಲ್ಲ. ನಾವು ಫೋನ್ ತೆಗೆದು ಸ್ಕ್ಯಾನ್ ಮಾಡಿ ಹೊರಡುತ್ತೀವಿ. ತಟ್ಟುವುದು ಹೂವು ಮಾರುವ ಅಜ್ಜಿಗೆ, ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರಿಗೆ. ಸಂಜೆಯ ವ್ಯಾಪಾರ ಮುಗಿಸಿ ಇಪ್ಪತ್ತು ಹತ್ತರ ನಾಣ್ಯ ಹಿಡಿದು ಕಿರಾಣಿ ಅಂಗಡಿಗೆ ಹೋದರೆ "ಇದು ಬೇಡಮ್ಮ, ನೋಟು ಕೊಡಿ" ಅನ್ನುತ್ತಾರೆ. ಇನ್ನೂರು ರೂಪಾಯಿ ನಮಗೆ ಒಂದು ಕಾಫಿ, ಸ್ಯಾಂಡ್‌ವಿಚ್. ಅವರಿಗೆ ಆ ದಿನದ ಅಕ್ಕಿ, ಬೇಳೆ.

ಹಾಗಾದರೆ ಬೆಸ್ಟ್ ನಾಣ್ಯ ಎಲ್ಲಿ ಸಿಗುತ್ತೆ?

ಟಂಕಸಾಲೆಗಳು ತಮ್ಮ ಪೂರ್ತಿ ಕೈಚಳಕ ತೋರಿಸುವುದು ಪ್ರೂಫ್ ನಾಣ್ಯಗಳಲ್ಲಿ. ಅದಕ್ಕೆ ಅಚ್ಚನ್ನು ಕನ್ನಡಿಯಂತೆ ಉಜ್ಜುತ್ತಾರೆ, ಬಿಲ್ಲೆಯನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ನಿಧಾನವಾಗಿ ಒತ್ತುತ್ತಾರೆ. ಹಿನ್ನೆಲೆ ಕನ್ನಡಿ, ಚಿತ್ರ ಮಂಜಿನಂತೆ ಬೆಳ್ಳಗೆ. ಇವು ಚಲಾವಣೆಗೆ ಬರಲ್ಲ. ಸಂಗ್ರಾಹಕರಿಗಾಗಿ ನಿಗಮವೇ ಮಾರುತ್ತೆ. ದೊಡ್ಡ ಮುಖಬೆಲೆಯ ಸ್ಮರಣಾರ್ಥ ನಾಣ್ಯಗಳಲ್ಲಿ ಹಲವು 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕದವು, ಅರ್ಧದಷ್ಟು ಬೆಳ್ಳಿಯವು.

ಟಂಕಸಾಲೆಗಳನ್ನು ಹೋಲಿಸಲೇಬೇಕು ಅನ್ನುವವರಿಗೆ ನ್ಯಾಯವಾದ ಕಣ ಇದೇ. ಇಲ್ಲಿ ಅಚ್ಚು ಸವೆದಿರಲ್ಲ, ನಾಣ್ಯ ಜೇಬಲ್ಲಿ ಉಜ್ಜಿರಲ್ಲ. ಚೀಲದಲ್ಲಿ ಸಾವಿರ ನಾಣ್ಯಗಳ ಜೊತೆ ಕುಲುಕಾಡಿ ಬಂದ ಎರಡು ಚಿಲ್ಲರೆಗಳನ್ನು ಹೋಲಿಸಿದರೆ ನೀವು ನೋಡುತ್ತಿರುವುದು ಟಂಕಸಾಲೆಯ ಕೆಲಸವಲ್ಲ, ಪ್ರಯಾಣದ ಗಾಯ.

ಮನೆಯಲ್ಲೇ ಮಾಡಿ ನೋಡಿ

1. ಒಂದೇ ಮುಖಬೆಲೆ, ಒಂದೇ ಇಸವಿಯ ನಾಣ್ಯಗಳನ್ನು ಗುರುತಿನ ಪ್ರಕಾರ ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಐದಾರಾದರೂ ಇರಲಿ. ಎರಡೇ ನಾಣ್ಯ ಇಟ್ಟುಕೊಂಡು ತೀರ್ಪು ಕೊಡಬೇಡಿ.

2. ಬೆಳಕು ಪಕ್ಕದಿಂದ ಬೀಳಲಿ. ಸಿಂಹದ ಕೇಸರ, ಅಶೋಕ ಚಕ್ರದ ಕಡ್ಡಿಗಳು, ಅಕ್ಷರದ ಅಂಚು, ಈ ಮೂರನ್ನು ನೋಡಿ. ಅಚ್ಚು ಹೊಸದೋ ಹಳೆಯದೋ ಅಂತ ಇವೇ ಹೇಳುತ್ತವೆ.

3. ನಾಣ್ಯದ ಮೇಲೆ ಗೆರೆ ಕಂಡರೆ ಉಗುರಿನಿಂದ ಮುಟ್ಟಿ. ಗೆರೆ ಉಬ್ಬಿದ್ದರೆ ಅದು ಅಚ್ಚಿನ ಬಿರುಕು, ಟಂಕಸಾಲೆಯಲ್ಲೇ ಆದದ್ದು. ತಗ್ಗಾಗಿದ್ದರೆ ಬರೀ ಗೀರು, ಹೊರಗೆ ಬಂದ ಮೇಲೆ ಆದದ್ದು.

4. ಸಿಂಹ ನೆಟ್ಟಗೆ ಕಾಣುವಂತೆ ಹಿಡಿದು, ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಚಿತ್ರವೂ ನೆಟ್ಟಗಿರಬೇಕು. ವಾಲಿದ್ದರೆ ಅಚ್ಚು ಕೂರಿಸುವಾಗ ತಪ್ಪಾಗಿದೆ ಅಂತ ಅರ್ಥ.

5. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದೆಯಾ? 2011ರ ಸರಣಿಯ ಹತ್ತು ರೂಪಾಯಿ ನಾಣ್ಯ ಒಂದಕ್ಕೆ 7.71 ಗ್ರಾಂ. ಹತ್ತು ಇಟ್ಟರೆ ಸುಮಾರು 77 ಗ್ರಾಂ ಬರಬೇಕು. ಅದೇ ಸರಣಿಯ ಐದು ರೂಪಾಯಿಯ ಹತ್ತು ನಾಣ್ಯಕ್ಕೆ 60 ಗ್ರಾಂ. ಯಾವ ಟಂಕಸಾಲೆಯದ್ದೇ ಇಡಿ, ಮುಳ್ಳು ಹೆಚ್ಚು ಅಲುಗಾಡಲ್ಲ.

6. ಅಯಸ್ಕಾಂತ ಹಿಡಿದು ಅಸಲಿ, ನಕಲಿ ಅಂತ ನಿರ್ಧರಿಸಬೇಡಿ. ಹಳೇ ಎರಡು ರೂಪಾಯಿ ತಾಮ್ರ ನಿಕ್ಕಲಿನದು, ಅಂಟಲ್ಲ. ಹೊಸದು ಸ್ಟೀಲು, ಅಂಟುತ್ತೆ. ಎರಡೂ ಸರ್ಕಾರದ್ದೇ.

ಆರನೆಯದನ್ನು ಬಿಟ್ಟು ಉಳಿದ ಐದು ಪರೀಕ್ಷೆ ಮುಗಿಸುವ ಹೊತ್ತಿಗೆ ಒಂದು ಸಂಗತಿ ನಿಮಗೇ ಹೊಳೆಯುತ್ತೆ: ನೋಟದಲ್ಲಿ ಅಷ್ಟೊಂದು ಬೇರೆಯಾದವು ತೂಕದಲ್ಲಿ ಒಂದೇ!

ಲಕ್ಷಾಧಿಪತಿ ಆಗೋ ಮುಂಚೆ

ಈಗ ಆ ವಿಡಿಯೊಗಳ ವಿಷಯ. "ನಕ್ಷತ್ರ ಇರುವ ಎರಡು ರೂಪಾಯಿ ಇದ್ದರೆ ಐದು ಲಕ್ಷ" ಅಂತ ಯಾರಾದರೂ ಹೇಳಿದರೆ, ನಕ್ಷತ್ರದ ಅರ್ಥ ಈಗ ನಿಮಗೆ ಗೊತ್ತು. ಹೈದರಾಬಾದಿನಲ್ಲಿ ತಯಾರಾದ ಕೋಟ್ಯಂತರ ನಾಣ್ಯಗಳಲ್ಲಿ ಅದೂ ಒಂದು ಅಷ್ಟೇ. ಬಸವಣ್ಣನವರ ಸ್ಮರಣಾರ್ಥ 2006ರಲ್ಲಿ ಬಂದ ಐದು ರೂಪಾಯಿ ನಿಮ್ಮ ಹತ್ತಿರ ಇದ್ದರೆ ಖಂಡಿತ ಜೋಪಾನ ಮಾಡಿ. ಪ್ರೀತಿಗೆ, ನೆನಪಿಗೆ. ಫ್ಲ್ಯಾಟಿನ ಮುಂಗಡಕ್ಕೆ ಅಲ್ಲ.

ಅಪರೂಪದ ತಪ್ಪುಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ನಿಜ. ಕೇಂದ್ರ ತಪ್ಪಿ ಬಿದ್ದ ಏಟು, ಅಂಚು ಕತ್ತರಿಸಿಹೋದ ಬಿಲ್ಲೆ, ಬೇರೆ ನಾಣ್ಯದ ಬಿಲ್ಲೆಯ ಮೇಲೆ ಬಿದ್ದ ಅಚ್ಚು, ಇಂಥವು. ಅಂದರೆ ಗುಣಮಟ್ಟದ ತಪಾಸಣೆ ಕಣ್ತಪ್ಪಿ ಹೊರಬಂದ ನಾಣ್ಯಕ್ಕೇ ಆ ಲೋಕದಲ್ಲಿ ಮರ್ಯಾದೆ ಜಾಸ್ತಿ! ಆದರೆ ಸುತ್ತಿಗೆ, ಆ್ಯಸಿಡ್, ಡ್ರಿಲ್ ಬಳಸಿ ಅಂಥ ತಪ್ಪುಗಳನ್ನು ಸೃಷ್ಟಿಸುವವರೂ ಇದ್ದಾರೆ. ಮಾರುವವರು ಮೊದಲು "ನೋಂದಣಿ ಶುಲ್ಕ", "ಜಿಎಸ್‌ಟಿ", "ಕಮಿಷನ್" ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಹಳೇ ನಾಣ್ಯ, ನೋಟುಗಳ ಹೆಸರಲ್ಲಿ ಹಣ ಕೀಳುತ್ತಿದ್ದಾರೆ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತಲೂ ಹೇಳಿದೆ. ಇನ್ನು ನಾಣ್ಯವನ್ನು ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ. ಏಳು ವರ್ಷದವರೆಗೆ ಜೈಲಿದೆ.

ಕೈಗೆ ಗೊತ್ತಾಗುವ ಗುಣಮಟ್ಟ

ನಾಣ್ಯದ ಗುಣಮಟ್ಟ ಅಂದರೆ ಹೊಳಪು, ಚೂಪು ಅಂತ ಕಣ್ಣಿದ್ದವರು ಅಂದುಕೊಳ್ಳುತ್ತೀವಿ. ದೃಷ್ಟಿ ಇಲ್ಲದವರನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತೆ. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. 2011ರ ಸರಣಿಯ ಎರಡು ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಂ. ಲೋಹವೂ ಒಂದೇ. ಎರಡೂ ಒಟ್ಟಿಗೆ ಚಲಾವಣೆಯಲ್ಲಿದ್ದಾಗ ಬೆರಳಿನಲ್ಲಿ ಹಿಡಿದು ಯಾವುದು ಎಷ್ಟು ಅಂತ ಹೇಗೆ ಹೇಳುವುದು? ನಾಲ್ಕೂ ಟಂಕಸಾಲೆಗಳು ಎಷ್ಟೇ ಚೆನ್ನಾಗಿ ಟಂಕಿಸಿದರೂ ಈ ದೋಷ ಸರಿಹೋಗಲ್ಲ. ಇದು ವಿನ್ಯಾಸದ್ದು.

2019ರಲ್ಲಿ ಬಿಡುಗಡೆಯಾದ ಸರಣಿಯಲ್ಲಿ ಇದನ್ನು ಸರಿ ಮಾಡಲು ನೋಡಿದ್ದಾರೆ. ಒಂದು ರೂಪಾಯಿ 20 ಮಿಲಿಮೀಟರ್, ಎರಡು 23, ಐದು 25, ಹತ್ತು 27. ಬೆಲೆ ಏರಿದಂತೆ ಗಾತ್ರ, ತೂಕ ಎರಡೂ ಏರುತ್ತವೆ. ಇಪ್ಪತ್ತು ರೂಪಾಯಿಯೂ 27 ಮಿಲಿಮೀಟರ್ ಇದ್ದರೂ 12 ಮೂಲೆಗಳಿವೆ, 8.54 ಗ್ರಾಂ ತೂಕ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ, ಗೊತ್ತಾಗುತ್ತೆ.

ತೂಕ ಕರಾರುವಾಕ್ಕಾಗಿರಬೇಕು ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು, ಎರಡು ರೂಪಾಯಿ ನಾಣ್ಯಗಳನ್ನು ಎಣಿಸುತ್ತಾ ಕೂರುವ ಬದಲು ತೂಗಿ ತೆಗೆದುಕೊಳ್ಳಿ, ನೂರು ನೂರರ ಪ್ಯಾಕೆಟ್ ಆಗಿ ಸ್ವೀಕರಿಸಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಮುಂಬೈಯದೂ ನೊಯ್ಡಾದ್ದೂ ಒಂದೇ ತೂಗಿದರೆ ಮಾತ್ರ ಇದು ಸಾಧ್ಯ. ಟಂಕಸಾಲೆಯ ನಿಜವಾದ ಪರೀಕ್ಷೆ ಇಲ್ಲಿದೆ, ಸಿಂಹದ ಕೇಸರದಲ್ಲಿ ಅಲ್ಲ.

ಯಾವ ಶಾಖೆಯೂ ಚಿಲ್ಲರೆ ನಿರಾಕರಿಸುವಂತಿಲ್ಲ. ಒಂದು ವ್ಯವಹಾರದಲ್ಲಿ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳನ್ನು 1000 ರೂಪಾಯಿವರೆಗೆ, 50 ಪೈಸೆಯನ್ನು 10 ರೂಪಾಯಿವರೆಗೆ ಕೊಡಲು ಕಾನೂನಿನ ಬೆಂಬಲ ಇದೆ. ಬ್ಯಾಂಕ್ ಬೇಡ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಪಕ್ಕದ ಮನೆಯ ಹೂವಿನ ಅಜ್ಜಿಗೆ ಇದು ಗೊತ್ತಿರಲಿಕ್ಕಿಲ್ಲ. ನಿಮಗೆ ಗೊತ್ತಾಯಿತಲ್ಲ, ಒಂದು ಶನಿವಾರ ಅವರ ಡಬ್ಬಿಯನ್ನು ನೀವೇ ಬ್ಯಾಂಕಿಗೆ ಹೊತ್ತುಕೊಂಡು ಹೋಗಿ.

ಮುಂದಿನ ಸಲ ಯಾರಾದರೂ ಚಿಲ್ಲರೆ ವಾಪಸ್ ಕೊಟ್ಟು "ಇದು ನಡೆಯಲ್ಲ" ಅಂದರೆ ಜಗಳ ಆಡಬೇಡಿ. ನಾಣ್ಯ ತಿರುಗಿಸಿ, ಇಸವಿಯ ಕೆಳಗಿನ ಆ ಪುಟ್ಟ ನಕ್ಷತ್ರ ತೋರಿಸಿ, "ಇದು ಹೈದರಾಬಾದಿಂದು, ನಿಮ್ಮ ಗಲ್ಲಾದಲ್ಲೂ ಇದೆ ನೋಡಿ" ಅನ್ನಿ. ಗಲ್ಲಾ ತೆರೆದು ಹುಡುಕದೆ ಇರೋಕೆ ಅವರಿಗೂ ಆಗಲ್ಲ.